ಹೆಸರು ಉಳಿಸಿಕೊಳ್ಳುವ ಖರ್ಚು

ಫ್ರಾನ್ಸಿನ ಹೆಸರಾಂತ ವೈನ್ ತೋಟ ಶಾಟೋ ದಿಕೆಮ್, ಚಿಕ್ಕದಾಗಿ ಇಕೆಮ್, 2012ರಲ್ಲಿ ತನ್ನ ಹೆಸರಿನ ಸಿಹಿ ವೈನ್ ಹೊರಗೆ ಬಿಡಲಿಲ್ಲ. ದ್ರಾಕ್ಷಿ ಬೆಳೆದಿತ್ತು, ಕೊಯ್ಲೂ ಆಗಿತ್ತು. ಆದರೆ ಆ ವರ್ಷದ ಹವಾಮಾನಕ್ಕೆ ಹಣ್ಣು ಬೇಕಾದ ಹದಕ್ಕೆ ಬರಲಿಲ್ಲ. ಬಾಟಲಿ ಮೇಲೆ ಇಕೆಮ್ ಅಂತ ಹಾಕಿದ್ದರೆ ಸಾಕಿತ್ತು, ಕೊಳ್ಳುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಅವರು ಹಾಕಲಿಲ್ಲ. 1910, 1915, 1930, 1951, 1952, 1964, 1972, 1974, 1992ರಲ್ಲೂ ಹೀಗೇ ಆಗಿತ್ತು.

ಹಾವೇರಿ ಜಿಲ್ಲೆಯಲ್ಲಿ ಮೆಣಸಿನಕಾಯಿ ಬೆಳೆಯುವ ಮನೆಯಿಂದ ಬಂದ ನನಗೆ ಈ ಪಟ್ಟಿ ನೋಡಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದು ವರ್ಷದ ಫಸಲಿಗೆ ತಮ್ಮ ಹೆಸರನ್ನೇ ಕೊಡದೆ ಇರೋದು ಅಂದರೆ ಸಣ್ಣ ಮಾತಲ್ಲ.

ನಾನಿರುವುದು ಫ್ರಾನ್ಸಿನ ಟುಲೂಸ್‌ನಲ್ಲಿ. ವಿಮಾನ ಕಟ್ಟುವ ಊರು ಇದು. ಬೆಂಗಳೂರಿನಿಂದ ಕೆಲಸಕ್ಕೆ ಬಂದ ನಮ್ಮವರು ಇಲ್ಲಿ ಇದ್ದಾರೆ. ಇಲ್ಲಿಂದ ಬೋರ್ಡೋ ಕಡೆ ಹೋಗುವ ದಾರಿಯಲ್ಲೇ, ಬೋರ್ಡೋಗೆ ಸುಮಾರು 40 ಕಿಲೋಮೀಟರ್ ಮೊದಲು, ಸೋತೆರ್ನ್ ಸಿಗುತ್ತದೆ. ಇಕೆಮ್ ತೋಟ ಆ ಊರಿನ ದಿಬ್ಬದ ಮೇಲಿದೆ. ನೂರು ಹೆಕ್ಟೇರಿನಷ್ಟು ದ್ರಾಕ್ಷಿ, ನಡುವೆ ಹಳೇ ಕೋಟೆಯಂಥ ಮನೆ.

ಅಲ್ಲಿನ ಕೊಯ್ಲು ನೋಡಬೇಕು ಅಂದರೆ ಅಕ್ಟೋಬರ್‌ನಲ್ಲಿ ಹೋಗಬೇಕು. ಸಿರೋನ್ ಅಂತ ಒಂದು ಸಣ್ಣ ಹೊಳೆ ಕಾಡಿನ ನೆರಳಲ್ಲಿ ತಣ್ಣಗೆ ಹರಿದು ಬಂದು ಬೆಚ್ಚಗಿನ ಗರೋನ್ ನದಿಗೆ ಸೇರುತ್ತದೆ. ಎರಡು ನೀರು ಸೇರುವ ಕಡೆ ಬೆಳಗಿನ ಜಾವ ಮಂಜು ಏಳುತ್ತದೆ. ಹೊತ್ತೇರಿದ ಮೇಲೆ ಬಿಸಿಲು ಬಿದ್ದು ಮಂಜು ಕರಗುತ್ತದೆ. ಈ ಮಂಜು–ಬಿಸಿಲಿನ ಆಟದಲ್ಲಿ ಬೊಟ್ರೈಟಿಸ್ ಅನ್ನೋ ಬೂಷ್ಟು ದ್ರಾಕ್ಷಿಗೆ ಹತ್ತುತ್ತದೆ. ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಬಿದ್ದು ಒಳಗಿನ ನೀರು ಆರಿಹೋಗುತ್ತದೆ. ಸಕ್ಕರೆ, ಹುಳಿ, ಪರಿಮಳ ಎಲ್ಲ ಗಟ್ಟಿಯಾಗಿ ಉಳಿಯುತ್ತವೆ.

ಹಣ್ಣು ನೋಡೋಕೆ ಚೆನ್ನಾಗಿರೋದಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಸುಕ್ಕುಗಟ್ಟಿ, ಮೇಲೆ ಬೂದಿ ಉದುರಿಸಿದ ಹಾಗೆ ಇರುತ್ತದೆ. ಅದೇ ಗೊಂಚಲಿನಲ್ಲಿ ಪಕ್ಕದ ಕಾಳು ಇನ್ನೂ ಹೊಳೆಯುತ್ತಿರುತ್ತದೆ. ಮತ್ತೊಂದು ಹುಳಿತು ಕೆಟ್ಟಿರುತ್ತದೆ. ಕೊಯ್ಯುವವರು ಕತ್ತರಿ ಹಿಡಿದು ಗೊಂಚಲನ್ನು ತಿರುಗಿಸಿ ನೋಡಿ, ಹದಕ್ಕೆ ಬಂದಷ್ಟನ್ನೇ ಕತ್ತರಿಸಿಕೊಂಡು ಉಳಿದಿದ್ದನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಕೆಲವು ದಿನ ಬಿಟ್ಟು ಅದೇ ಸಾಲಿಗೆ ಮತ್ತೆ ಬರುತ್ತಾರೆ. ಹೀಗೆ ಐದಾರು ಸುತ್ತು ಆಗುವುದುಂಟು. ನಡುವೆ ಜೋರು ಮಳೆ ಬಂದರೆ ಮುಗೀತು. ಒಂದು ಬಳ್ಳಿಯಿಂದ ಒಂದು ಲೋಟ ವೈನ್ ಅನ್ನೋದು ಅಲ್ಲಿನ ಲೆಕ್ಕ. ಸುತ್ತಲಿನ ಬೇರೆ ತೋಟಗಳಲ್ಲಿ ಸಾದಾ ವೈನ್‌ಗೆ ಇದರ ಎಷ್ಟೋ ಪಟ್ಟು ಇಳುವರಿ ಬರುತ್ತದೆ.

ಆಮೇಲೆ ಹೊಸ ಓಕ್ ಪೀಪಾಯಿಗಳಲ್ಲಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಇಡುತ್ತಾರೆ. ಒಳ್ಳೇ ವರ್ಷದಲ್ಲೂ ಮನಸ್ಸಿಗೆ ಬಾರದ ಪೀಪಾಯಿಗಳನ್ನು ಹೊರಗಿಡುತ್ತಾರೆ. ಇಷ್ಟೆಲ್ಲ ಆಗಿ ಲೋಟಕ್ಕೆ ಬಂದಾಗ ಬಂಗಾರದ ಬಣ್ಣ. ಜೇನು, ಕೇಸರಿ, ಕಿತ್ತಳೆ ಸಿಪ್ಪೆ, ಒಣಗಿದ ಜರದಾಳು, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತವೆ. ಬರೀ ಸಿಹಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೊನೆಗೆ ಬರುವ ಹುಳಿ ನಾಲಿಗೆಯನ್ನು ಶುಚಿ ಮಾಡಿ ಇನ್ನೊಂದು ಗುಟುಕು ಕೇಳುತ್ತದೆ. ನೂರು ವರ್ಷ ದಾಟಿದ ಬಾಟಲಿಗಳೂ ಕುಡಿಯುವ ಹಾಗಿರುತ್ತವೆ. 1811ರ ಒಂದು ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು.

ಈ ಹೆಸರನ್ನು ಕಟ್ಟಿದ್ದರಲ್ಲಿ ಒಬ್ಬ ಹೆಣ್ಣುಮಗಳ ಪಾಲು ದೊಡ್ಡದು. ಫ್ರಾಂಸ್ವಾಸ್ ಜೋಸೆಫೀನ್ 1785ರಲ್ಲಿ ಲ್ಯೂರ್ ಸಾಲ್ಯೂಸ್ ಮನೆತನಕ್ಕೆ ಮದುವೆಯಾದವಳು. ಮೂರೇ ವರ್ಷದಲ್ಲಿ ಗಂಡ ತೀರಿಕೊಂಡ. ಕ್ರಾಂತಿಯ ಕಾಲದಲ್ಲಿ ಎರಡು ಸಲ ಜೈಲಿಗೆ ಹೋದಳು. ಆದರೂ ತೋಟ ಬಿಟ್ಟುಕೊಡಲಿಲ್ಲ. 1851ರಲ್ಲಿ ಸಾಯುವವರೆಗೂ ತಾನೇ ನೋಡಿಕೊಂಡಳು. ಅವಳು ಹೋದ ನಾಲ್ಕು ವರ್ಷಕ್ಕೆ, 1855ರ ಬೋರ್ಡೋ ಶ್ರೇಯಾಂಕದಲ್ಲಿ ಸೋತೆರ್ನ್ ಭಾಗದ ಎಲ್ಲ ತೋಟಗಳಿಗಿಂತ ಮೇಲೆ, ಒಂಟಿಯಾಗಿ ಒಂದು ಮೆಟ್ಟಿಲು ಇಕೆಮ್‌ಗೆ ಸಿಕ್ಕಿತು. ಈಗ ತೋಟ ಎಲ್‌ವಿಎಂಎಚ್ ಅನ್ನೋ ಐಷಾರಾಮಿ ವಸ್ತುಗಳ ದೊಡ್ಡ ಕಂಪನಿಯ ಕೈಯಲ್ಲಿದೆ. 1990ರ ದಶಕದ ಕೊನೆಗೆ ಮನೆಯೊಳಗಿನ ಜಗಳದ ನಂತರ ಅದು ಕೈ ಬದಲಾಯಿಸಿತು.

ಈಗ ಬ್ಯಾಡಗಿಗೆ ಬರುತ್ತೇನೆ. ನಮ್ಮ ಮೆಣಸಿನಕಾಯಿ ಸುಕ್ಕುಸುಕ್ಕು, ಕಡುಕೆಂಪು, ಖಾರ ಕಡಿಮೆ. ಒಂದು ಹಿಡಿ ಪುಡಿ ಹಾಕಿದರೆ ಸಾರಿನ ಬಣ್ಣವೇ ಬೇರೆ. ಆ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ನಮ್ಮಲ್ಲೂ ಕೊಯ್ಲು ಒಂದೇ ಸಲಕ್ಕೆ ಆಗುವುದಿಲ್ಲ. ಹೆಣ್ಣಾಳುಗಳು ಸಾಲು ಹಿಡಿದು ಕೆಂಪಗಾದದ್ದನ್ನು ಬಿಡಿಸಿಕೊಂಡು ಹೋಗುತ್ತಾರೆ, ಹಸಿರು ಉಳಿದದ್ದಕ್ಕೆ ಮತ್ತೆ ಬರುತ್ತಾರೆ. ಸಂಜೆಗೆ ಕೈಯೆಲ್ಲ ಉರಿ. ಆಮೇಲೆ ಕಣದಲ್ಲಿ ಹರಡಿ ಒಣಗಿಸಿ, ಬಣ್ಣ ಬಿಟ್ಟ ಕಾಯಿಯನ್ನು ಬೇರೆ ಮಾಡಬೇಕು. ಶ್ರದ್ಧೆಯಲ್ಲಿ, ಕೈಚಳಕದಲ್ಲಿ ನಮ್ಮ ಹೆಣ್ಣುಮಕ್ಕಳು ಸೋತೆರ್ನ್‌ನವರಿಗೆ ಒಂದು ಕೂದಲೆಳೆಯಷ್ಟೂ ಕಡಿಮೆ ಇಲ್ಲ. ಇದನ್ನು ಎರಡೂ ಕಡೆ ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ವ್ಯತ್ಯಾಸ ಶುರುವಾಗುವುದು ಚೀಲ ಕಟ್ಟಿದ ಮೇಲೆ. ವೈನ್ ಬಾಟಲಿ ಮೇಲೆ ಸೋತೆರ್ನ್ ಅನ್ನೋ ಹೆಸರನ್ನು ಐದು ಊರಿನವರು ಮಾತ್ರ ಹಾಕಬಹುದು. 1936ರಿಂದ ಅದು ಕಾನೂನು. ಹೆಕ್ಟೇರಿಗೆ ಇಷ್ಟಕ್ಕಿಂತ ಜಾಸ್ತಿ ಬೆಳೆಯಬಾರದು, ಹಣ್ಣಿನಲ್ಲಿ ಇಷ್ಟು ಸಕ್ಕರೆ ಇರಲೇಬೇಕು ಅಂತ ಕಟ್ಟಳೆ ಇದೆ. ತಪ್ಪಿದರೆ ಹೆಸರು ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ಗುರುತು, ಬಂತು. ಆದರೆ ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಬರುವ ಲಾರಿಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಹೈಬ್ರಿಡ್ ಕಾಯಿಯೇ ರಾಶಿ ರಾಶಿ. ಆ ರೈತರದ್ದು ತಪ್ಪಿಲ್ಲ, ಒಳ್ಳೇ ದರ ಸಿಗುವ ಕಡೆ ಬರುತ್ತಾರೆ. ಅಂಗಡಿಗೆ ಹೋಗುವ ಹೊತ್ತಿಗೆ ಎಲ್ಲದರ ಹೆಸರೂ ಬ್ಯಾಡಗಿ ಆಗಿರುತ್ತದಲ್ಲ, ಅದು ನನಗೆ ಸಹಿಸಲಾಗದ ವಿಷಯ. ಮಳೆ ನಂಬಿ ನಾಟಿ ತಳಿ ಬೆಳೆದವನಿಗೆ ಇಳುವರಿ ಕಡಿಮೆ, ಹೆಸರಿನ ಲಾಭವೂ ಪೂರ್ತಿ ಅವನಿಗಿಲ್ಲ.

2024ರ ಮಾರ್ಚ್‌ನಲ್ಲಿ ದರ ದಿಢೀರನೆ ಕುಸಿದಾಗ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬಹುದು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ವರ್ಷದ ದುಡಿಮೆಯ ದರ ಒಂದು ಬೆಳಿಗ್ಗೆ ಬಿದ್ದುಹೋದರೆ ತಡೆದುಕೊಳ್ಳಲು ಆ ಮನೆಗಳಲ್ಲಿ ಏನಿದೆ?

‘ನೋಡಿ ಫ್ರಾನ್ಸಿನವರು ಗುಣಮಟ್ಟಕ್ಕೆ ಹೇಗೆ ನಿಲ್ಲುತ್ತಾರೆ, ನಮ್ಮವರಿಗೆ ಆ ಶಿಸ್ತಿಲ್ಲ’ ಅಂತ ಇಲ್ಲಿನ ನಮ್ಮವರೇ ಕೆಲವರು ಹೇಳುವುದುಂಟು. ಆ ಮಾತು ನನಗೆ ಒಪ್ಪಿಗೆ ಇಲ್ಲ. ಇಕೆಮ್ 2012ರಲ್ಲಿ ಬೇಡ ಅಂದದ್ದು ದೊಡ್ಡ ಮನಸ್ಸಿನಿಂದ, ನಿಜ. ಹಿಂದೆ ಬೆಟ್ಟದಂಥ ದುಡ್ಡು ನಿಂತಿದ್ದರಿಂದಲೂ ಅದು ಸಾಧ್ಯವಾಯಿತು. ಅದೇ ಸೋತೆರ್ನ್‌ನ ಸಣ್ಣ ಬೆಳೆಗಾರರ ಕಥೆ ಬೇರೆ. ಸಿಹಿ ವೈನ್ ಕುಡಿಯುವವರು ಕಡಿಮೆಯಾಗಿ ಅವರಿಗೆ ಬಾಟಲಿ ಮಾರುವುದೇ ಕಷ್ಟವಾಗಿದೆ. ಹಲವರು ಸಾದಾ ಬಿಳಿ ವೈನ್ ಕಡೆ ಹೊರಳಿದ್ದಾರೆ. ಇಕೆಮ್ ಕೂಡ 1959ರಿಂದ ಸಿಹಿ ಇಲ್ಲದ ಒಂದು ಬಿಳಿ ವೈನ್ ಮಾಡುತ್ತಿದೆ. ಕೆಟ್ಟ ವರ್ಷವನ್ನು ಸುಮ್ನೆ ನುಂಗಿಕೊಳ್ಳುವ ಶಕ್ತಿ ಅಲ್ಲೂ ಎಲ್ಲರಿಗಿಲ್ಲ.

ಹಾಗಾಗಿ ರೈತನಿಗೆ ಶಿಸ್ತಿನ ಪಾಠ ಹೇಳುವ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಬ್ಯಾಡಗಿಯಲ್ಲಿ ನಾಟಿ ಕಾಯಿಗೆ ಬೇರೆ ರಾಶಿ, ಬೇರೆ ಟೆಂಡರ್ ಇರಲಿ. ಚೀಲದ ಮೇಲೆ ತಳಿ, ಊರು, ವರ್ಷ ಬರೆದಿರಲಿ. ಮಿಶ್ರ ಮಾಡಿದ ಪುಡಿಗೆ ಬ್ಯಾಡಗಿ ಅಂತ ಹಾಕಿದವರಿಗೆ ದಂಡ ಬೀಳಲಿ. ಬಣ್ಣ ಬಾರದ ವರ್ಷ ನಾಟಿ ಬೆಳೆದವನ ಕೈ ಹಿಡಿಯಲು ಒಂದು ನಿಧಿ ಬೇಕು. ಅದಕ್ಕೆ ಈ ಹೆಸರಿನಿಂದ ದುಡಿಯುವ ಮಸಾಲೆ ಕಂಪನಿಗಳೂ, ಬಣ್ಣ ತೆಗೆಯುವ ಕಾರ್ಖಾನೆಗಳೂ ಪಾಲು ಹಾಕಬೇಕು. ಕೊಳ್ಳುವ ನಾವು ಕೂಡ ಕಿಲೋಗೆ ನಾಲ್ಕು ಕಾಸು ಜಾಸ್ತಿ ಕೊಡಬೇಕಾಗುತ್ತದೆ. ಊರಿಂದ ಟುಲೂಸ್‌ಗೆ ಪುಡಿ ತರಿಸಿಕೊಳ್ಳುವ ನಮ್ಮಂಥವರು ಆ ದುಡ್ಡು ಕೊಡಲು ಹಿಂದೆ ಮುಂದೆ ನೋಡುವುದಿಲ್ಲ. ಪೊಟ್ಟಣದ ಮೇಲೆ ಊರಿನ ಹೆಸರು ಇರಲಿ, ಅಷ್ಟೇ ನಾವು ಕೇಳುವುದು.