ಸೌದೆ ತಾ

ಮಳೆಗಾಲದಲ್ಲಿ ಮಡಿಕೇರಿಯ ಕರೆಂಟ್ ಹೋದರೆ ಮಾತ್ರ ಮಕ್ಕಳಿಗೆ ಓದಿನ ನೆನಪಾಗುತ್ತದೆ. ಮೊನ್ನೆ ಸಂಜೆ ಮೊಬೈಲಿನ ಚಾರ್ಜ್ ಮುಗಿದ ಮೇಲೆ ಅಕ್ಕನ ಮಗ ಇಂಗ್ಲಿಷ್ ಪುಸ್ತಕ ಹಿಡಿದು ಅಡುಗೆಮನೆಗೆ ಬಂದ. ಒಲೆ ಮುಂದೆ ಬೆಳಕೂ ಇರುತ್ತೆ, ಬಿಸಿಯೂ ಇರುತ್ತೆ.

"ಮಾವ, ಇಂಪೀರಿಯಸ್ ಅಂದ್ರೆ ಏನು?"

"ದರ್ಪ" ಅಂದೆ, ಸುಲಭವಾಗಿ.

"ಹಾಗಾದ್ರೆ ಗತ್ತು?"

ಸಿಕ್ಕಿಬಿದ್ದೆ. ಗತ್ತು ಇರುವವರು ಬಂದರೆ ತಿರುಗಿ ನೋಡುತ್ತೇವೆ. ದರ್ಪ ಇರುವವರು ಬಂದರೆ ಮುಖ ತಿರುಗಿಸುತ್ತೇವೆ. ಇಂಪೀರಿಯಸ್ ಈ ಎರಡನೇ ಜಾತಿ. ನಾನು ಹೇಳಿದ್ದು ಆಗಲೇಬೇಕು, ಯಾಕೆ ಅಂತ ಕೇಳಬಾರದು ಅನ್ನುವ ಧೋರಣೆ. ದಿನಬಳಕೆಗೆ ಇಂಗ್ಲಿಷರೂ 'ಬಾಸಿ' ಅಂದು ಮುಗಿಸುತ್ತಾರೆ. ಕೋಟು ಹಾಕಿಕೊಂಡು ಬರೆಯುವಾಗ ಇಂಪೀರಿಯಸ್ ಹೊರಗೆ ಬರುತ್ತದೆ. ಮನುಷ್ಯರಿಗೆ ಮಾತ್ರ ಅಲ್ಲ, ದನಿಗೆ, ನೋಟಕ್ಕೆ, ಬೆರಳಾಡಿಸಿ ಕರೆಯುವ ಸನ್ನೆಗೂ ಅದನ್ನು ಹಚ್ಚುತ್ತಾರೆ.

ಬುಡ ಲ್ಯಾಟಿನ್. 'ಇಂಪೆರಾರೆ' ಅಂದರೆ ಆಜ್ಞೆ ಮಾಡು. ಎಂಪರರ್, ಎಂಪೈರ್, ವ್ಯಾಕರಣದ ಇಂಪೆರೆಟಿವ್ ಎಲ್ಲ ಅದರದ್ದೇ ಚಿಗುರು. ಇಂಪೀರಿಯಲ್ ಅಂದರೆ ಸಾಮ್ರಾಜ್ಯಕ್ಕೆ ಸೇರಿದ್ದು. ಇಂಪೀರಿಯಸ್ ಆಗೋಕೆ ಸಾಮ್ರಾಜ್ಯ ಬೇಕಿಲ್ಲ, ಒಂದು ಕೌಂಟರ್, ಅದರ ಹಿಂದೆ ಒಂದು ಕುರ್ಚಿ ಸಾಕು. ನಡುವೆ ಒಂದು 'ವಿ' ಸೇರಿ ಇಂಪರ್ವಿಯಸ್ ಆದರೆ ಅರ್ಥವೇ ಬೇರೆ, ನೀರು ಒಳಗೆ ಬಿಡದ್ದು ಅಂತ. ಇದನ್ನು ಹೇಳುತ್ತಿದ್ದ ಹಾಗೇ ಹೆಂಚಿನ ಸಂದಿಯಿಂದ ಒಂದು ಹನಿ ಪುಸ್ತಕದ ಮೇಲೆ ಟಪ್ ಅಂತ ಬಿತ್ತು. ಉದಾಹರಣೆ ಕೊಡುವ ಕೆಲಸ ಉಳಿಯಿತು.

ತಮಾಷೆ ಅಂದರೆ, ಎಂಪೈರ್ ಕಟ್ಟಿದವರು ಬರೆಯುವಾಗ ಬಹಳ ನಯ. 1834ರಲ್ಲಿ ಬ್ರಿಟಿಷರು ನಾಲ್ಕು ದಂಡು ಕಳಿಸಿ, ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಗೊಂಡರು. ಆಮೇಲೆ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಕೊಟ್ಟ ಕಾರಣ ಏನು ಗೊತ್ತಾ? ಇದು ಕೊಡಗಿನ ಜನರೆಲ್ಲರ ಒಮ್ಮತದ ಆಸೆ ಅಂತ!

ಇನ್ನು ನಮ್ಮ ಕನ್ನಡದ್ದು ಬೇರೆ ಕಥೆ. 'ಬೇಕು' ಅನ್ನುವುದಕ್ಕಿಂತ ಗಟ್ಟಿ ಆಜ್ಞೆ ಇದೆಯಾ? ಆದರೆ ಬೀಗರು ಬಂದರೆ "ಬರಬೇಕು, ಬರಬೇಕು" ಅಂತೇವೆ. ಅದು ಮರ್ಯಾದೆ. ಮೊಮ್ಮಗನಿಗೆ ಬರೀ "ಬಾ" ಅಂತೇವೆ. ಅದು ಪ್ರೀತಿ. ಅದೇ "ಬಾ"ವನ್ನು ವಯಸ್ಸಾದ ಕೂಲಿಯವರಿಗೆ ಹದಿನೆಂಟರ ಹುಡುಗ ಹೇಳಿದರೆ, ಅಲ್ಲಿದೆ ನೋಡಿ ಇಂಪೀರಿಯಸ್. ಪದ ಒಂದೇ, ಬಾಯಿ ಬೇರೆ. ಇದನ್ನು ಯಾವ ಡಿಕ್ಷನರಿಯಲ್ಲಿ ತೋರಿಸಲಿ?

ಅಷ್ಟರಲ್ಲಿ ಪಕ್ಕದ ಮನೆಯ ಸುಬೇದಾರರು ಟಾರ್ಚ್ ಹಿಡಿದು ಬಂದರು. ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು, ದನಿ ಮಾತ್ರ ಇನ್ನೂ ಸರ್ವೀಸಿನಲ್ಲೇ ಇದೆ. ಅವರ ನಾಯಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರಲ್ಲ. ಅವರು ಅಂಗಳದಲ್ಲಿ "ಸಿಟ್!" ಅಂದರೆ ನಾಯಿಯ ಜೊತೆ ಬೇಲಿ ಈಚೆ ನಿಂತ ನನಗೂ ಕೂರೋಣ ಅನ್ನಿಸುತ್ತದೆ. ಹುಡುಗ ನನ್ನ ಮುಖ ನೋಡಿದ, ಪದ ಸಿಕ್ಕಿತು ಅನ್ನುವ ಹಾಗೆ.

ಅಮ್ಮ ಒಲೆ ಮುಂದಿನಿಂದ ತಲೆ ಎತ್ತಲೂ ಇಲ್ಲ.

"ಬರಬೇಕು ಸುಬೇದಾರ್ರೇ. ಬೂಟು ಹೊರಗೆ."

ಮಂಡಿ ನೋವಿನ ಮನುಷ್ಯ, ಗೋಡೆ ಹಿಡಿದು ಒಂದೊಂದೇ ಗಮ್‌ಬೂಟು ಎಳೆದು ತೆಗೆದರು. ಜೋಡಿಸಿಯೂ ಇಟ್ಟರು. ಒದ್ದೆ ಕಾಲುಚೀಲದಲ್ಲಿ ಒಳಗೆ ಬಂದು, ಕೂರಲು ಹೇಳುವ ತನಕ ನಿಂತೇ ಇದ್ದರು.

"ಮಾವ," ಹುಡುಗ ಪಿಸುಗುಟ್ಟಿದ, "ಅಜ್ಜೀದು ದರ್ಪಾನಾ, ಗತ್ತಾ?"

ಅಮ್ಮ ಊದುಗೊಳವೆ ಕೆಳಗಿಟ್ಟರು.

"ಸೌದೆ ತಾ."

ಯಾರಿಗೆ ಅಂತ ಹೇಳಲಿಲ್ಲ. ಮೂವರೂ ಎದ್ದೆವು.