ಬರೀ ನೆಗಡಿ ಅಲ್ವಾ ಅನ್ನುವವರಿಗೆ

ರಾತ್ರಿ ಮೂರು ಗಂಟೆ. ಎಡಕ್ಕೆ ಮಲಗಿದರೆ ಎಡ ಹೊಳ್ಳೆ ಕಟ್ಟುತ್ತದೆ. ಬಲಕ್ಕೆ ಹೊರಳಿದರೆ ಅದು ಬಿಟ್ಟು ಇದು ಕಟ್ಟುತ್ತದೆ. ಅಂಗಾತ ಮಲಗಿದರೆ ಎರಡೂ. ಕೊನೆಗೆ ಬಾಯಲ್ಲೇ ಉಸಿರಾಡಿ, ನಾಲಿಗೆ ಒಣಗಿ, ನೀರು ಕುಡಿಯಲು ಎದ್ದು ಕೂರುತ್ತೇನೆ. ನನಗೆ ಪರಾಗದ ಅಲರ್ಜಿ. ಅದು ಹಾರುವ ಕಾಲ ಬಂತೆಂದರೆ ನನ್ನ ರಾತ್ರಿಗಳು ಹೀಗೇ.

ಬೆಳಗ್ಗೆ ಯಾರಾದರೂ ಕೇಳಿದರೆ ಎಂಟು ಗಂಟೆ ಮಲಗಿದ್ದೆ ಅನ್ನುತ್ತೇನೆ. ಸುಳ್ಳೇನಲ್ಲ. ನಿದ್ದೆ ಎಷ್ಟಾಯಿತು ಅನ್ನೋದು ಬೇರೆ ಮಾತು. ಮೂಗು ಕಟ್ಟಿದ ರಾತ್ರಿ ನಿದ್ದೆ ಚೂರುಚೂರಾಗುತ್ತದೆ. ಎಷ್ಟು ಸಲ ಎಚ್ಚರವಾಯಿತು ಅಂತ ನಮಗೇ ನೆನಪಿರುವುದಿಲ್ಲ.

ಸೀನು ಎಲ್ಲರಿಗೂ ಕೇಳಿಸುತ್ತದೆ, ಮಂಕು ಯಾರಿಗೂ ಕಾಣುವುದಿಲ್ಲ. ಮೊನ್ನೆ ಇಮೇಲ್ ಕಳಿಸಿದ ಮೇಲೆ ನೋಡುತ್ತೇನೆ, ಒಂದೇ ವಾಕ್ಯ ಎರಡು ಸಲ ಬರೆದಿದ್ದೇನೆ. "ಗಮನ ಎಲ್ಲಿದೆ ನಿಮ್ದು?" ಅಂದರು ಬಾಸ್. ಜ್ವರ ಅಂದಿದ್ದರೆ ರಜೆ ಸಿಗುತ್ತಿತ್ತು. ಅಲರ್ಜಿ ಅಂದಿದ್ದಕ್ಕೆ "ಬರೀ ನೆಗಡಿ ಅಲ್ವಾ, ಒಂದು ಮಾತ್ರೆ ತಗೊಳ್ಳಿ".

ತಮಾಷೆ ಏನು ಗೊತ್ತಾ? 1819ರಲ್ಲೇ ಜಾನ್ ಬೋಸ್ಟಾಕ್ ಅನ್ನುವ ಇಂಗ್ಲಿಷ್ ವೈದ್ಯರು ಈ ಕಾಯಿಲೆ ಬಗ್ಗೆ ಬರೆದಿದ್ದರು. ರೋಗಿ ಅವರೇ! ಕಣ್ಣು, ಮೂಗಿನ ಜೊತೆಗೆ ಸುಸ್ತು, ನಿದ್ದೆಯಿಲ್ಲದ ರಾತ್ರಿಗಳನ್ನೂ ಸೇರಿಸಿದ್ದರು. ಇನ್ನೂರು ವರ್ಷವಾದರೂ ನಾವು ಕರ್ಚೀಫು ಮಾತ್ರ ನೋಡುತ್ತಿದ್ದೇವೆ.

ಆ "ಒಂದು ಮಾತ್ರೆ"ಯದ್ದೇ ಇನ್ನೊಂದು ಕಥೆ. ಪರಾಗ ಮೂಗಿಗೆ ಹೋದಾಗ ಮೈಯಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಸೀನು, ತುರಿಕೆ ಶುರುವಾಗುತ್ತದೆ. ಆದರೆ ಮಿದುಳಿನಲ್ಲಿ ಅದೇ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುತ್ತದೆ. ಕ್ಲೋರ್‌ಫೆನಿರಮಿನ್‌ನಂಥ ಹಳೇ ಮಾತ್ರೆಗಳು ಮಿದುಳಿಗೂ ಹೋಗಿ ಅಲ್ಲೂ ಅದನ್ನು ತಡೆಯುತ್ತವೆ. ಅದಕ್ಕೇ ತೂಕಡಿಕೆ. ರಾತ್ರಿ ನುಂಗಿದ್ದು ಮಾರನೇ ದಿನವೂ ತಲೆ ಭಾರ ಮಾಡುತ್ತದೆ. ನಾನೋ, ಚೆನ್ನಾಗಿ ನಿದ್ದೆ ಬರುತ್ತೆ ಅಂತ ವರ್ಷಗಟ್ಟಲೆ ಅದನ್ನೇ ನುಂಗಿದೆ! ಫೆಕ್ಸೊಫೆನಡಿನ್‌ನಂಥ ಹೊಸ ಮಾತ್ರೆಗಳು ಮಿದುಳಿಗೆ ಹೋಗುವುದು ತೀರಾ ಕಡಿಮೆ. ಇನ್ನು ಕಟ್ಟಿದ ಮೂಗಿಗೆ ಮಾತ್ರೆಗಿಂತ ಸ್ಟೀರಾಯ್ಡ್ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ದಿನಾ ಹಾಕಬೇಕು, ಪೂರ್ತಿ ಫಲ ಕಾಣಲು ಕೆಲವು ದಿನ ಬೇಕು. ನಾನು ಹಿಂದೊಮ್ಮೆ ಎರಡೇ ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಸಾಕಿದ್ದೆ.

ಈ ಸಲ ಡಾಕ್ಟರು ಎಷ್ಟು ಸೀನು ಅಂತ ಕೇಳುವ ಮೊದಲೇ ನಿದ್ದೆಯ ಕಥೆ ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಮಾತ್ರೆ ಬದಲಾಯಿತು, ಸ್ಪ್ರೇ ಮತ್ತೆ ಬಂತು. ಇವತ್ತಿಗೆ ಹತ್ತು ದಿನ. ನಿನ್ನೆ ರಾತ್ರಿ ಒಂದೇ ಸಲ ಎದ್ದೆ, ಅದೂ ಸೊಳ್ಳೆ ಕಾಟಕ್ಕೆ.