ಬ್ಲೇಡ್ ಬಿಚ್ಚಿದ ಮೇಲೆ

ನಮ್ಮ ತೋಟದ ಜೀಪಿನಲ್ಲಿ ಗೇಟಿನಿಂದ ಮನೆಗೆ ಬರುವಷ್ಟರಲ್ಲಿ, ಬೆಳಿಗ್ಗೆ ತಿಂದ ಅಕ್ಕಿರೊಟ್ಟಿ ಮತ್ತು ಮಧ್ಯಾಹ್ನದ ಸಾರು ಹೊಟ್ಟೆಯೊಳಗೆ ಜಾಗ ಬದಲಾಯಿಸಿಕೊಂಡಿರುತ್ತವೆ. ಸಕಲೇಶಪುರದ ಮಳೆ ಪ್ರತಿವರ್ಷ ರಸ್ತೆಯ ಮಣ್ಣನ್ನೆಲ್ಲ ಹಳ್ಳಕ್ಕೆ ಕಳಿಸಿ, ಕಲ್ಲನ್ನು ಮಾತ್ರ ನಮಗೆ ಬಿಟ್ಟು ಹೋಗುತ್ತದೆ. ಅದರ ಮೇಲೆ ಗಟ್ಟಿ ಬ್ಲೇಡ್ ಸೆಟ್ಟಿನ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿನ, ಹಳೇ ಜೀಪು ಓಡಿದರೆ ಇನ್ನೇನಾಗಬೇಕು?

ಹೋದ ಬೇಸಿಗೆಯಲ್ಲಿ ಗೆಳೆಯನೊಬ್ಬನ ಜೀಪು ನೋಡಿದೆ. ಮುಂದಿನ ಎರಡು ಚಕ್ರ ಜೋಡಿಸುವ ಆಕ್ಸೆಲ್‌ಗೆ ಬ್ಲೇಡಿನ ಬದಲು ಸುರುಳಿಯಂಥ ಕಾಯಿಲ್ ಸ್ಪ್ರಿಂಗ್ ಹಾಕಿಸಿದ್ದ. ಒಂದು ಚಕ್ರ ಬಂಡೆ ಮೇಲೆ, ಇನ್ನೊಂದು ಗುಂಡಿಯಲ್ಲಿ. ಒಳಗೆ ಇವನು ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದ. ಅವತ್ತೇ ನನ್ನ ತಲೆ ಕೆಟ್ಟಿತು.

"1970ರಲ್ಲೇ ರೇಂಜ್ ರೋವರ್‌ನವರು ನಾಲ್ಕೂ ಚಕ್ರಕ್ಕೆ ಕಾಯಿಲ್ ಹಾಕಿದ್ದಾರೆ, ಗೊತ್ತಾ?" ಅಂದೆ.

"ಅವರ ಹತ್ತಿರ ಎಂಜಿನಿಯರ್‌ಗಳಿದ್ದರು" ಅಂದಳು ಹೆಂಡತಿ.

ಮೇಸ್ತ್ರಿಯನ್ನು ಕರೆಸಿ ಮುಂದಿನ ಬ್ಲೇಡ್ ಸೆಟ್ ಬಿಚ್ಚಿಸಿದೆ. ಆಮೇಲೆ ಗೊತ್ತಾಯಿತು ನೋಡಿ. ಅಮ್ಮ ಒಂದು ತಿಂಗಳು ಶಿವಮೊಗ್ಗದ ಅಕ್ಕನ ಮನೆಗೆ ಹೋದರೆ ನಮ್ಮನೆಯಲ್ಲಿ ಏನಾಗುತ್ತದೋ, ಹಾಗೇ ಆಯಿತು. ಹಾಲು ಯಾರು ಕಾಯಿಸೋದು, ಹಂಡೆಗೆ ಬೆಂಕಿ ಯಾರು ಹಾಕೋದು, ನಾಯಿಗೆ ಅನ್ನ ಯಾರು ಹಾಕೋದು? ಬ್ಲೇಡ್ ಭಾರ ಹೊರುವುದಷ್ಟೇ ಅಲ್ಲ, ಆಕ್ಸೆಲ್ ಹಿಂದೆಮುಂದೆ ಓಡದಂತೆ ಹಿಡಿದಿತ್ತು. ಅಕ್ಕಪಕ್ಕ ಜಾರದಂತೆ ನೋಡಿಕೊಂಡಿತ್ತು. ಬ್ರೇಕ್ ಒತ್ತಿದಾಗ ಆಕ್ಸೆಲ್ ತಿರುಚಿಕೊಳ್ಳದಂತೆಯೂ ತಡೆದಿತ್ತು. ಕಾಯಿಲ್ ಭಾರ ಮಾತ್ರ ಹೊರುತ್ತದೆ. ಉಳಿದ ಕೆಲಸಕ್ಕೆ ಒಂದೊಂದು ಕಬ್ಬಿಣದ ಸಲಾಕೆ ನೇಮಿಸಬೇಕು. ಅದಕ್ಕೇ ಲಿಂಕ್ ಸಸ್ಪೆನ್ಷನ್ ಅನ್ನುವುದು.

ಎಂಜಿನಿನ ಕೆಳಗೆ ನಾಲ್ಕು ಲಿಂಕಿಗೆ ಜಾಗ ಎಲ್ಲಿದೆ? ಹಾಗಾಗಿ ಮೂರು ಲಿಂಕ್ ಅಂತ ತೀರ್ಮಾನವಾಯಿತು. ಕೆಳಗೆ ಎರಡು, ಮೇಲೆ ಒಂದು. ಅಕ್ಕಪಕ್ಕ ಜಾರದಿರಲು ಅಡ್ಡಡ್ಡ ಪ್ಯಾನ್‌ಹಾರ್ಡ್ ರಾಡ್. ಆಕ್ಸೆಲ್ ಹತ್ತಿರ ಮೇಲಿನ ಲಿಂಕಿಗೂ ಕೆಳಗಿನದಕ್ಕೂ ನಡುವೆ ಟೈರಿನ ಎತ್ತರದ ಕಾಲುಭಾಗದಷ್ಟಾದರೂ ಅಂತರ ಬೇಕು ಅನ್ನುವುದು ಈ ಕೆಲಸ ಮಾಡುವವರ ಲೆಕ್ಕ. ನಮ್ಮದು 31 ಇಂಚಿನ ಟೈರು, ಸುಮಾರು ಎಂಟು ಇಂಚು. ಡ್ರಿಪ್ ನೀರಾವರಿಗೆ ತಂದಿದ್ದ ಪಿವಿಸಿ ಪೈಪ್ ಕತ್ತರಿಸಿ ಮಾದರಿ ಮಾಡಿದೆ. ಜಾಕ್ ಕೊಟ್ಟು ಆಕ್ಸೆಲ್ಲನ್ನು ಮೇಲೆ ಕೆಳಗೆ ಆಡಿಸಿದೆ. ಎಲ್ಲೂ ತಾಗಲಿಲ್ಲ. ಎರಡೂ ಚಕ್ರ ಒಟ್ಟಿಗೆ ಎತ್ತಿದ್ದೆ, ಅಲ್ವಾ? ನಮ್ಮ ರಸ್ತೆಯಲ್ಲಿ ಎರಡು ಚಕ್ರಕ್ಕೆ ಒಟ್ಟಿಗೆ ಕಲ್ಲು ಸಿಕ್ಕಿದ ದಾಖಲೆಯೇ ಇಲ್ಲ. ಒಂದು ಚಕ್ರ ಮಾತ್ರ ಎತ್ತಿದಾಗ ಮೇಲಿನ ಪೈಪು ಸೀದಾ ಹೋಗಿ ಎಂಜಿನ್ ತಳದ ಎಣ್ಣೆತೊಟ್ಟಿಗೆ, ಅಂದರೆ ಆಯಿಲ್ ಸಂಪಿಗೆ ಗುದ್ದಿ ಪಟ್ಟಂತ ಮುರಿಯಿತು. ಕಬ್ಬಿಣದ್ದಾಗಿದ್ದರೆ ಸಂಪ್ ಒಡೆಯುತ್ತಿತ್ತು. ಪಿವಿಸಿ ಕಂಡುಹಿಡಿದವರಿಗೆ ಮನಸಿನಲ್ಲೇ ಕೈಮುಗಿದೆ.

ಆದರೆ ನಿಜವಾದ ಮರ್ಯಾದೆ ಹೋಗಿದ್ದು ಕ್ಯಾಸ್ಟರಿನಲ್ಲಿ. ಮುಂದಿನ ಚಕ್ರ ತಿರುಗುವ ಕೀಲಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಸೈಕಲ್ಲಿನ ಮುಂದಿನ ಫೋರ್ಕ್ ಹಾಗೆ. ಆಗಲೇ ಸ್ಟೀರಿಂಗ್ ಬಿಟ್ಟರೆ ತಾನಾಗಿ ನೆಟ್ಟಗಾಗುವುದು. ಜಾಸ್ತಿ ವಾಲಿಸಿದರೆ ಆಕ್ಸೆಲ್ಲಿನಲ್ಲಿರುವ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್, ಅದರ ಮೂತಿ ಕೆಳಗಾಗಿ, ಅದಕ್ಕೆ ಎಂಜಿನ್ನಿನ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಕೀಲು (ಕ್ರಾಸು) ನರಳುತ್ತದೆ. ಐದು ಡಿಗ್ರಿ ಸಾಕು ಅಂದುಕೊಂಡೆ. ಮಟ್ಟವಾದ ಜಾಗ ಬೇಕಲ್ಲ, ಜೀಪನ್ನು ಕಾಫಿ ಒಣಗಿಸುವ ಕಣಕ್ಕೆ ತಳ್ಳಿಸಿದೆ. ಸಿಮೆಂಟಿನ ಕಣ, ಕನ್ನಡಿಯ ಹಾಗಿದೆ. ಮೊಬೈಲನ್ನು ಕೀಲಿಗೆ ಒರಗಿಸಿ, ಐದು ಅಂತ ತೋರಿಸಿದ ಕ್ಷಣ "ಹೊಡಿ" ಅಂದೆ. ಮೇಸ್ತ್ರಿ ಬ್ರಾಕೆಟ್ಟಿಗೆ ವೆಲ್ಡಿಂಗ್ ಹೊಡೆದ. ಚೆಂದದ ವೆಲ್ಡಿಂಗ್, ಅದರಲ್ಲಿ ಎರಡು ಮಾತಿಲ್ಲ.

ಮಾರನೇ ದಿನ ಓಡಿಸಿದರೆ ಜೀಪು ಹಗ್ಗ ಬಿಚ್ಚಿದ ಕರುವಿನ ಹಾಗೆ ಕಂಡಕಂಡ ಕಡೆ ಹೋಯಿತು. ಸ್ಟೀರಿಂಗ್ ತಿರುಗಿಸಿದರೆ ತಿರುಗಿದಲ್ಲೇ ನಿಲ್ಲುತ್ತಿತ್ತು. ಸಂಜೆ ಅಮ್ಮ ಶಿವಮೊಗ್ಗದಿಂದ ಬಂದವರು ಎಲ್ಲ ಕೇಳಿಸಿಕೊಂಡು, "ಕಣದಲ್ಲಿ ಅಳತೆ ಮಾಡಿದ್ಯಾ? ಮಳೆನೀರು ಹರಿದು ಹೋಗಲಿ ಅಂತ ನಿಮ್ಮಜ್ಜ ಅದಕ್ಕೆ ಇಳಿಜಾರು ಇಡಿಸಿದ್ದರು" ಅಂದರು. ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದೆವು. ಜೀಪಿನ ಮೂತಿ ಇದ್ದ ಕಡೆ ನಾಲ್ಕು ಇಂಚು ಎತ್ತರ! ಐದು ಡಿಗ್ರಿಯಲ್ಲಿ ಎರಡೂವರೆ ಅಜ್ಜನ ಲೆಕ್ಕಕ್ಕೆ ಹೋಗಿತ್ತು.

ಇನ್ನೊಂದು ತಪ್ಪೂ ಇತ್ತು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಯಾನ್‌ಹಾರ್ಡ್ ರಾಡು ಮತ್ತು ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆ, ಅಂದರೆ ಡ್ರ್ಯಾಗ್ ಲಿಂಕ್, ಒಂದಕ್ಕೊಂದು ಸಮಾನಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು. ನನ್ನವು ಜಗಳವಾಡಿದ ದಾಯಾದಿಗಳ ಹಾಗೆ ಒಂದು ಅತ್ತ, ಒಂದು ಇತ್ತ. ರಸ್ತೆಗೆ ಅಡ್ಡಲಾಗಿ ನೀರು ತಿರುಗಿಸಲು ಮಣ್ಣಿನ ದಿಬ್ಬ ಹಾಕಿರುತ್ತೇವಲ್ಲ, ಅದಕ್ಕೆ ಬಡಿದಾಗ ಜೀಪು ತಾನೇ ಎಡಕ್ಕೆ, ಇಳಿದಾಗ ತಾನೇ ಬಲಕ್ಕೆ. ನಾನು ಸುಮ್ನೆ ಕೂತಿದ್ದೆ, ಅದು ಯಕ್ಷಗಾನದ ಪ್ರವೇಶ ಕುಣಿಯುತ್ತಿತ್ತು. ಪುಣ್ಯಕ್ಕೆ ತೋಟದೊಳಗಿನ ರಸ್ತೆ. ಇಂಥ ಬದಲಾವಣೆ ಮಾಡಿ ಟಾರ್ ರೋಡಿಗೆ ಇಳಿಸಬೇಕಾದರೆ ಆರ್‌ಟಿಓ ಒಪ್ಪಿಗೆ ಬೇಕು. ಮೂರು ರೋಬಸ್ಟಾ ಗಿಡ ಹೋದವು, ಅಮ್ಮ ಎಣಿಸಿಟ್ಟಿದ್ದಾರೆ.

ಮೇಸ್ತ್ರಿ ಬೆವರು ಒರೆಸಿಕೊಂಡು, "ಅಣ್ಣಾ, ಹಳೇ ಬ್ಲೇಡೇ ವಾಪಸ್ ಹಾಕಿಬಿಡೋಣ" ಅಂದ. ನನಗೂ ಅದೇ ಬೇಕಿತ್ತು, ಮೊದಲು ಬಾಯಿಬಿಟ್ಟವನು ಅವನು ಅಷ್ಟೇ. ಶೆಡ್ಡಿನ ಮೂಲೆ ಹುಡುಕಿದೆವು. ಇಲ್ಲ.

"ಆ ಕಬ್ಬಿಣನಾ?" ಅಂದಳು ಹೆಂಡತಿ. "ಬಿಸಾಕಿದ್ದೀರಿ ಅಂದ್ಕೊಂಡು ಕಮ್ಮಾರನಿಗೆ ಕೊಟ್ಟೆ. ಜೀಪಿನ ಬ್ಲೇಡಿನ ಕತ್ತಿಯಷ್ಟು ಒಳ್ಳೇದು ಬೇರೆ ಬರಲ್ಲ ಅಂತ ನೀವೇ ಹೇಳ್ತಿದ್ದಿರಿ."

ಜಗುಲಿಯ ಮೇಲೆ ಹೊಸ ಹಿಡಿ ಹಾಕಿದ ಆರು ಕತ್ತಿಗಳು ಸಾಲಾಗಿ ಹೊಳೆಯುತ್ತಿದ್ದವು. ಅಮ್ಮ ಒಂದನ್ನು ಎತ್ತಿ, ಅಂಚಿಗೆ ಹೆಬ್ಬೆರಳು ಆಡಿಸಿ, "ಬಾಯಿ ಚೆನ್ನಾಗಿ ಕೂತಿದೆ" ಅಂದರು. ಮೇಸ್ತ್ರಿ ಏನೂ ಮಾತಾಡದೆ ಬ್ರಾಕೆಟ್ ಕತ್ತರಿಸಲು ಗ್ರೈಂಡರಿನ ವಯರ್ ಬಿಚ್ಚತೊಡಗಿದ.